ಯುದ್ಧದ ಮಾತಿಗೆ ಲೆಕ್ಕ ಕೇಳಿದವರು

2025ರ ಆಗಸ್ಟ್ 9ರಂದು ಬೆಂಗಳೂರಿನ ಮಾರತ್ತಹಳ್ಳಿಯ ಎಚ್‌ಎಎಲ್ ಮ್ಯಾನೇಜ್‌ಮೆಂಟ್ ಅಕಾಡೆಮಿಯಲ್ಲಿ ಏರ್ ಚೀಫ್ ಮಾರ್ಷಲ್ ಎಲ್.ಎಂ. ಕಾತ್ರೆ ಸ್ಮಾರಕ ಉಪನ್ಯಾಸ ನಡೆಯಿತು. ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ವೇದಿಕೆಯಲ್ಲಿದ್ದರು. ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಪಾಕಿಸ್ತಾನದ ಕನಿಷ್ಠ ಐದು ಯುದ್ಧವಿಮಾನಗಳನ್ನೂ ಒಂದು ದೊಡ್ಡ ವಿಮಾನವನ್ನೂ ಎಸ್-400 ಕ್ಷಿಪಣಿಗಳು ಹೊಡೆದುರುಳಿಸಿದವು ಎಂದು ಅವರು ಅಂದು ಹೇಳಿದರು. ಭಾರತದ ಕಡೆಯಿಂದ ಇಂಥದೊಂದು ಸಂಖ್ಯೆ ಅಧಿಕೃತವಾಗಿ ಹೊರಬಿದ್ದದ್ದು ಅದೇ ಮೊದಲು. ಕದನ ನಿಂತು ಆಗಲೇ ಮೂರು ತಿಂಗಳಾಗಿತ್ತು. ಪಾಕಿಸ್ತಾನದ ರಕ್ಷಣಾ ಸಚಿವ ಖ್ವಾಜಾ ಆಸಿಫ್ ಕೂಡಲೇ ಅದನ್ನು ಅಲ್ಲಗಳೆದರು. ಇದೇ ಆಸಿಫ್ ಮೇ ತಿಂಗಳಲ್ಲಿ ಭಾರತದ ವಿಮಾನಗಳನ್ನು ಕೆಡವಿದ್ದೇವೆ ಎಂದಾಗ ಸಿಎನ್‌ಎನ್ ವಾಹಿನಿ ಪುರಾವೆ ಕೇಳಿತ್ತು. ಅವರು ಸಾಮಾಜಿಕ ಜಾಲತಾಣಗಳ ಕಡೆ ಬೊಟ್ಟು ಮಾಡಿದ್ದರು.

ಭಾರತದ ನಷ್ಟದ ವಿಷಯವೂ ಹೀಗೆಯೇ ಕಂತು ಕಂತಾಗಿ ಹೊರಬಂತು. ಕದನ ವಿರಾಮದ ಮರುದಿನ, ಮೇ 11ರಂದು, ಏರ್ ಮಾರ್ಷಲ್ ಎ.ಕೆ. ಭಾರ್ತಿ ನಷ್ಟವೆಂಬುದು ಯುದ್ಧದ ಭಾಗ ಎಂದಷ್ಟೇ ಹೇಳಿ ನಿಲ್ಲಿಸಿದರು. ವಿಮಾನಗಳನ್ನು ಕಳೆದುಕೊಂಡದ್ದು ನಿಜ ಎಂದು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಮೇ 31ರಂದು ಒಪ್ಪಿಕೊಂಡರು. ಅದೂ ಸಿಂಗಾಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಗೆ ಕೊಟ್ಟ ಸಂದರ್ಶನದಲ್ಲಿ. ಎಷ್ಟು ಎಂದು ಹೇಳಲಿಲ್ಲ. ಜುಲೈ ಕೊನೆಯಲ್ಲಿ ಲೋಕಸಭೆ ಚರ್ಚೆಗೆ ಕೂತಾಗ ರಕ್ಷಣಾ ಸಚಿವ ರಾಜನಾಥ್ ಸಿಂಗ್, ಪರೀಕ್ಷೆಯಲ್ಲಿ ಫಲಿತಾಂಶ ಮುಖ್ಯವೇ ಹೊರತು ಪೆನ್ಸಿಲ್ ಮುರಿಯಿತೇ ಎಂಬುದಲ್ಲ ಎಂದರು. ನಮ್ಮ ವಿಮಾನಗಳೆಷ್ಟು ಬಿದ್ದವು ಎಂಬ ವಿರೋಧ ಪಕ್ಷದ ಪ್ರಶ್ನೆಗೆ ಸದನದಲ್ಲಿ ಸಿಕ್ಕ ಉತ್ತರ ಅದು.

ಯುದ್ಧ ನಡೆಯುವಾಗ ಎಲ್ಲವನ್ನೂ ಬಿಚ್ಚಿ ಹೇಳಲಾಗದು. ಸೈನಿಕರ ಜೀವದ ಪ್ರಶ್ನೆ ಅಲ್ಲಿರುತ್ತದೆ. ಆದರೆ ಯುದ್ಧಕ್ಕೆ ಮೊದಲು ಮಂತ್ರಿಗಳು ಕೊಟ್ಟ ಭರವಸೆ, ಯುದ್ಧ ಮುಗಿದ ಮೇಲೆ ಕೊಟ್ಟ ವಿವರಣೆ ಸುಳ್ಳೆಂದೋ ಅರೆಸತ್ಯವೆಂದೋ ಗೊತ್ತಾದಾಗ ಅವರನ್ನು ಕೇಳುವವರು ಯಾರು? ಈ ಪ್ರಶ್ನೆಗೆ ಸ್ವತಂತ್ರ ಭಾರತದಲ್ಲಿ ಆರೂವರೆ ದಶಕದ ಇತಿಹಾಸವಿದೆ. ಅದರ ಕೆಲವು ಮುಖ್ಯ ಅಧ್ಯಾಯಗಳು ಕರ್ನಾಟಕದ ನೆಲಕ್ಕೆ, ಕರ್ನಾಟಕದ ಮಂದಿಗೆ ಅಂಟಿಕೊಂಡಿವೆ.

ಮಾರತ್ತಹಳ್ಳಿಯ ಸೇತುವೆಯ ಆಸುಪಾಸಿನಲ್ಲಿ ಇವತ್ತು ಐಟಿ ಕಚೇರಿಗಳ ಸಾಲು. ಅವು ಬರುವುದಕ್ಕೆ ಎಷ್ಟೋ ಮೊದಲೇ ಈ ಸೀಮೆಯ ಆಕಾಶದಲ್ಲಿ ಯುದ್ಧವಿಮಾನಗಳು ಹಾರಾಡಿದ್ದವು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ 1940ರ ಡಿಸೆಂಬರ್ 23ರಂದು ಇಂದಿನ ಎಚ್‌ಎಎಲ್‌ನ ಮೂಲವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಇದು ಅಮೆರಿಕದ ವಾಯುಸೇನೆಯ ದುರಸ್ತಿ ನೆಲೆಯಾಯಿತು. ಸ್ವಾತಂತ್ರ್ಯದ ನಂತರ ವಿ.ಎಂ. ಘಾಟ್ಗೆ ಅವರ ಎಚ್‌ಟಿ-2 ತರಬೇತಿ ವಿಮಾನ ಇಲ್ಲಿಂದಲೇ ಮೇಲೇರಿತು. 1956ರಲ್ಲಿ ಜರ್ಮನಿಯ ಖ್ಯಾತ ವಿನ್ಯಾಸಕ ಕುರ್ಟ್ ಟ್ಯಾಂಕ್ ತನ್ನ ತಂಡದೊಂದಿಗೆ ಬೆಂಗಳೂರಿಗೆ ಬಂದರು. 1961ರ ಜೂನ್ 17ರಂದು ಎಚ್‌ಎಫ್-24 ಮರುತ್ ಎಂಬ, ಆ ತಂಡ ರೂಪಿಸಿದ ಯುದ್ಧವಿಮಾನ ಮೊದಲ ಬಾರಿ ಹಾರಿತು. ಅದನ್ನು ಹಾರಿಸಿದ ಸುರಂಜನ್ ದಾಸ್ 1970ರಲ್ಲಿ ಪರೀಕ್ಷಾ ಹಾರಾಟದ ಅಪಘಾತದಲ್ಲಿ ತೀರಿಕೊಂಡರು. ಇಲ್ಲಿನ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ಮರುತ್ ಹಾರಿದಾಗ ರಕ್ಷಣಾ ಸಚಿವರಾಗಿದ್ದವರು ವಿ.ಕೆ. ಕೃಷ್ಣ ಮೆನನ್. ಆಯುಧಕ್ಕಾಗಿ ಪರದೇಶದ ಮುಂದೆ ಕೈಚಾಚಬಾರದು ಎಂಬ ಅವರ ಹಟದ ಹಿಂದೆ ದೂರದೃಷ್ಟಿಯಿತ್ತು. ಬೆಂಗಳೂರಿನ ಕಾರ್ಖಾನೆಗಳು ಆ ಹಟಕ್ಕೆ ಸಾಕ್ಷಿಯಾಗಿದ್ದವು. ಮರುತ್‌ನ ಒಡಲು ಶಬ್ದಕ್ಕಿಂತ ಬಹಳ ವೇಗವಾಗಿ ಹಾರಲು ಯೋಗ್ಯವಾಗಿತ್ತು; ಅದಕ್ಕೆ ತಕ್ಕ ಎಂಜಿನ್ ಮಾತ್ರ ಸಿಗಲೇ ಇಲ್ಲ. ಸಿಕ್ಕ ಆರ್ಫಿಯಸ್ ಎಂಜಿನ್ನಿನಲ್ಲೇ ಒಟ್ಟು 147 ಮರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಕಾರ್ಮಿಕರು ಮತ್ತು ಎಂಜಿನಿಯರುಗಳು ತಮ್ಮ ಕೈಲಾದದ್ದನ್ನು ಮಾಡಿದ್ದರು. ಆದರೆ ಹಾರಿದ ಒಂದು ಮೂಲಮಾದರಿಗೂ ಗಡಿ ಕಾಯಲು ಸಿದ್ಧವಾದ ಒಂದು ಸೇನೆಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ದೆಹಲಿ ಜನರಿಗೆ ಹೇಳಲಿಲ್ಲ.

ಹೇಳದೆ ಉಳಿದದ್ದು ಅದೊಂದೇ ಅಲ್ಲ. ಲಡಾಖ್‌ನ ಅಕ್ಸಾಯ್ ಚಿನ್ ಮೂಲಕ ರಸ್ತೆ ನಿರ್ಮಿಸಿ ಮುಗಿಸಿದ್ದೇವೆಂದು ಚೀನಾದ ಪತ್ರಿಕೆಗಳು 1957ರಲ್ಲೇ ಪ್ರಕಟಿಸಿದ್ದವು. ಮರುವರ್ಷ ಭಾರತ ಎರಡು ಗಸ್ತು ತಂಡಗಳನ್ನು ಕಳುಹಿಸಿತು. ಒಂದನ್ನು ಚೀನೀಯರು ಸೆರೆಹಿಡಿದರು. 1958ರ ಅಕ್ಟೋಬರ್‌ನಲ್ಲಿ ಭಾರತ ಸರ್ಕಾರ ಚೀನಾಕ್ಕೆ ಪ್ರತಿಭಟನೆಯ ಪತ್ರ ಬರೆಯಿತು. ಇದ್ಯಾವುದೂ ಸಂಸತ್ತಿಗೆ ಗೊತ್ತಿರಲಿಲ್ಲ. 1959ರ ಆಗಸ್ಟ್ 25ರಂದು ಈಶಾನ್ಯದ ಲೋಂಗ್‌ಜುವಿನಲ್ಲಿ ಗುಂಡಿನ ಚಕಮಕಿ ನಡೆದು ಮುಚ್ಚಿಡುವುದು ಅಸಾಧ್ಯವಾದ ಮೇಲೆ, ಆಗಸ್ಟ್ 28ರಂದು ಪ್ರಧಾನಿ ನೆಹರೂ ಲೋಕಸಭೆಯಲ್ಲಿ ರಸ್ತೆಯ ವಿಷಯ ತೆರೆದಿಟ್ಟರು. ದೇಶದ ನೆಲದಲ್ಲಿ ಪರದೇಶ ಹಾಕಿದ ರಸ್ತೆಯ ಸುದ್ದಿ ಜನಪ್ರತಿನಿಧಿಗಳನ್ನು ತಲುಪಲು ಎರಡು ವರ್ಷ ಹಿಡಿದಿತ್ತು. ಸದಸ್ಯರ ಸಿಟ್ಟಿಗೆ ಮಣಿದ ಸರ್ಕಾರ ಸೆಪ್ಟೆಂಬರ್ 7ರಂದು ಚೀನಾದೊಂದಿಗಿನ ಪತ್ರವ್ಯವಹಾರವನ್ನು ಶ್ವೇತಪತ್ರವಾಗಿ ಪ್ರಕಟಿಸಿತು. ಒತ್ತಾಯ ಮಾಡಿದರೆ ಕಡತ ತೆರೆಯುತ್ತದೆ ಎಂಬುದು ಆ ದಿನ ಸಾಬೀತಾಯಿತು.

ಇದೇ ಎರಡು ವಾರದ ನಡುವೆ ಕೊಡಗಿನ ಒಬ್ಬ ದಂಡನಾಯಕನ ಪ್ರಕರಣ ಸಿಡಿಯಿತು.

ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಆಗ ಭೂಸೇನೆಯ ಮುಖ್ಯಸ್ಥರು. 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖ್‌ನ ದಾರಿ ಬಿಡಿಸಿದವರು, ಕೊರಿಯಾ ಯುದ್ಧದ ನಂತರ ಕೈದಿಗಳ ವಾಪಸಾತಿಗೆ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ವಹಿಸಿದವರು. ಬಡ್ತಿಗಳಲ್ಲಿ ಮೆನನ್ ಕೈಹಾಕುತ್ತಿದ್ದ ರೀತಿ, ಸೇನೆಯ ಸಲಹೆಯನ್ನು ಬದಿಗೊತ್ತುತ್ತಿದ್ದ ರೀತಿ ಅವರಿಗೆ ಸಹಿಸಲಾಗದ ಹಂತ ಮುಟ್ಟಿತ್ತು. ಆಗಸ್ಟ್ 31ರಂದು ರಾಜೀನಾಮೆ ಕಳುಹಿಸಿದರು. ನೆಹರೂ ಕರೆಸಿ ಮಾತಾಡಿ, ಹಿಂದಕ್ಕೆ ಪಡೆಯುವಂತೆ ಒಪ್ಪಿಸಿದರು. ಅಷ್ಟರಲ್ಲಿ ಸುದ್ದಿ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಬಂದು ದೇಶವೆಲ್ಲ ಬೆಚ್ಚಿತು.

ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ ಹೇಳಿಕೆ ಕೊಟ್ಟರು. ಜನರಲ್ ಎತ್ತಿದ ವಿಷಯಗಳು ಕ್ಷುಲ್ಲಕವಾದವು, ಮಹತ್ವವಿಲ್ಲದವು, ಮನೋಧರ್ಮದ ಭಿನ್ನತೆಯಿಂದ ಹುಟ್ಟಿದವು ಎಂಬುದು ಅದರ ಸಾರ. ಚುನಾಯಿತ ಸರ್ಕಾರದ ಮಾತೇ ಸೇನೆಯ ಮೇಲೆ ನಡೆಯಬೇಕು ಎಂದೂ ಒತ್ತಿ ಹೇಳಿದರು. ಆ ತತ್ವ ಸರಿಯಾದದ್ದೇ. ನೆರೆಯ ಪಾಕಿಸ್ತಾನದಲ್ಲಿ ಹಿಂದಿನ ವರ್ಷವಷ್ಟೇ ಜನರಲ್ ಅಯೂಬ್ ಖಾನ್ ಅಧಿಕಾರ ಕಸಿದುಕೊಂಡಿದ್ದರು. ಆದರೆ ಆ ತತ್ವದ ಮರೆಯಲ್ಲಿ ಸೇನೆಯ ಸಿದ್ಧತೆಯ ಪ್ರಶ್ನೆಯೂ ಮರೆಯಾಯಿತು. ಸಮವಸ್ತ್ರದಲ್ಲಿದ್ದ ತಿಮ್ಮಯ್ಯನವರು ಸದನದ ಮಾತಿಗೆ ಬಹಿರಂಗವಾಗಿ ಎದುರಾಡುವಂತಿರಲಿಲ್ಲ. ಪ್ರಧಾನಿಯ ಮಾತು ಕಡತದಲ್ಲಿ ಉಳಿಯಿತು, ಜನರಲ್‌ನ ಮಾತು ಕೊರಳಲ್ಲೇ ಉಳಿಯಿತು.

ಅದೇ ನವೆಂಬರ್‌ನಲ್ಲಿ ನೆಹರೂ ಲೋಕಸಭೆಗೆ ಇನ್ನೊಂದು ಭರವಸೆ ಕೊಟ್ಟರು: ಸ್ವಾತಂತ್ರ್ಯ ಬಂದ ಮೇಲಾಗಲಿ ಅದಕ್ಕೂ ಮುಂಚೆಯಾಗಲಿ ನಮ್ಮ ಪಡೆಗಳು ಈಗಿನಷ್ಟು ಒಳ್ಳೆಯ ಸ್ಥಿತಿಯಲ್ಲಿ ಇರಲಿಲ್ಲ, ಅವುಗಳ ಬೆನ್ನಿಗೆ ಈಗ ದೊಡ್ಡ ಕೈಗಾರಿಕಾ ಉತ್ಪಾದನೆಯ ಬಲವಿದೆ ಎಂದು. ಆ ಬಲದ ಲೆಕ್ಕದಲ್ಲಿ ಬೆಂಗಳೂರಿನ ಎಚ್‌ಎಎಲ್ ಇತ್ತು, ಜಾಲಹಳ್ಳಿಯ ಬಿಇಎಲ್ ಇತ್ತು.

ತಿಮ್ಮಯ್ಯ 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಮರುವರ್ಷ ಜುಲೈನಲ್ಲಿ ‘ಸೆಮಿನಾರ್’ ಮಾಸಿಕದಲ್ಲಿ ಒಂದು ಲೇಖನ ಬರೆದರು. ಪಾಕಿಸ್ತಾನದೊಂದಿಗೆ ಪೂರ್ಣ ಯುದ್ಧದ ಸಾಧ್ಯತೆಯನ್ನು ತಾನು ಯೋಚಿಸಬಲ್ಲೆ, ಚೀನಾದ ವಿಷಯದಲ್ಲಿ ಸೈನಿಕನಾಗಿ ಹಾಗೆ ಯೋಚಿಸಲಾರೆ, ಭಾರತ ಒಂಟಿಯಾಗಿ ಅದರೊಂದಿಗೆ ನೇರ ಯುದ್ಧಕ್ಕೆ ಇಳಿಯಲಾಗದು, ನಮ್ಮ ಭದ್ರತೆಯನ್ನು ರಾಜಕಾರಣಿಗಳೂ ರಾಯಭಾರಿಗಳೂ ನೋಡಿಕೊಳ್ಳಬೇಕು ಎಂಬ ಅರ್ಥದ ಮಾತುಗಳು ಅಲ್ಲಿದ್ದವು. ನಾಲ್ಕು ವರ್ಷ ಸೇನೆಯನ್ನು ಮುನ್ನಡೆಸಿದವರ ತೀರ್ಪು ಅಚ್ಚಾಗಿ ಎಲ್ಲರ ಕಣ್ಣ ಮುಂದೆ ಇತ್ತು.

ಮೂರು ತಿಂಗಳ ನಂತರ, 1962ರ ಅಕ್ಟೋಬರ್ 12ರಂದು, ಕೊಲಂಬೊಗೆ ಹೊರಟಿದ್ದ ನೆಹರೂ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಪ್ರಶ್ನೆಗೆ ಉತ್ತರಿಸಿದರು. ನಮ್ಮ ನೆಲವನ್ನು ಬಿಡಿಸಿಕೊಳ್ಳಬೇಕೆಂದು ಸೇನೆಗೆ ಸೂಚನೆ ಕೊಡಲಾಗಿದೆ, ದಿನಾಂಕ ಗೊತ್ತುಮಾಡುವುದು ಸೇನೆಗೆ ಬಿಟ್ಟದ್ದು ಎಂದರು. ಮರುದಿನದ ಪತ್ರಿಕೆಗಳು ಚೀನೀಯರನ್ನು ಹೊರದಬ್ಬಲು ಆಜ್ಞೆಯಾಗಿದೆ ಎಂದು ಸಾರಿದವು. ಆ ಹೊತ್ತಿಗೆ ನಾಮ್ಕಾ ಚು ಹೊಳೆಯ ದಂಡೆಯಲ್ಲಿ ಬ್ರಿಗೇಡಿಯರ್ ಜಾನ್ ದಳವಿಯವರ ಏಳನೆಯ ಬ್ರಿಗೇಡ್ ಹತ್ತಿಬಟ್ಟೆಯ ಸಮವಸ್ತ್ರದಲ್ಲಿ ಚಳಿಗೆ ನಡುಗುತ್ತಿತ್ತು. ಮದ್ದುಗುಂಡು, ಆಹಾರ ಎರಡಕ್ಕೂ ವಿಮಾನದಿಂದ ಬೀಳುವ ಮೂಟೆಗಳನ್ನೇ ನಂಬಬೇಕಿತ್ತು. ಅಕ್ಟೋಬರ್ 20ರ ಬೆಳಗಿನ ಜಾವ ಚೀನಾ ದಾಳಿ ಮಾಡಿತು. ಬ್ರಿಗೇಡ್ ಕೆಲವೇ ಗಂಟೆಗಳಲ್ಲಿ ಚೂರಾಯಿತು, ದಳವಿ ಸೆರೆಯಾದರು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನ ವಿರಾಮ ಸಾರುವಷ್ಟರಲ್ಲಿ, ರಕ್ಷಣಾ ಸಚಿವಾಲಯದ ಲೆಕ್ಕದಂತೆ, 1,383 ಸೈನಿಕರು ಸತ್ತಿದ್ದರು, 1,696 ಮಂದಿ ಕಾಣೆಯಾಗಿದ್ದರು, 3,968 ಮಂದಿ ಸೆರೆಸಿಕ್ಕಿದ್ದರು.

ಹೊಣೆ ಯಾರದು ಎಂಬ ಪ್ರಶ್ನೆ ಯುದ್ಧದ ನಡುವೆಯೇ ಎದ್ದಿತು. ನೆಹರೂ ಸ್ವತಃ ಅಕ್ಟೋಬರ್ 25ರಂದು, ನಾವೇ ಕಟ್ಟಿಕೊಂಡ ಕೃತಕ ವಾತಾವರಣದಲ್ಲಿ ವಾಸ್ತವದ ಸಂಪರ್ಕ ಕಳೆದುಕೊಂಡು ಬದುಕುತ್ತಿದ್ದೆವು ಎಂದು ಒಪ್ಪಿಕೊಂಡರು. ಅಧಿಕಾರದಲ್ಲಿದ್ದಾಗಲೇ ಹಾಗೆ ಒಪ್ಪಿಕೊಂಡ ಪ್ರಧಾನಿಗಳು ಜಗತ್ತಿನಲ್ಲೇ ವಿರಳ. ಅದನ್ನು ಅವರ ಖಾತೆಗೆ ಬರೆಯಲೇಬೇಕು. ಆದರೂ ಮೆನನ್‌ರನ್ನು ಉಳಿಸಿಕೊಳ್ಳಲು ಅವರು ಪ್ರಯತ್ನಿಸಿದರು. ಅಕ್ಟೋಬರ್ 31ರಂದು ರಕ್ಷಣಾ ಖಾತೆಯನ್ನು ತಾವು ವಹಿಸಿಕೊಂಡು ಮೆನನ್‌ರಿಗೆ ರಕ್ಷಣಾ ಉತ್ಪಾದನೆಯನ್ನು ಕೊಟ್ಟರು. ಬೆಂಗಳೂರಿನ ಕಾರ್ಖಾನೆಗಳು ಒಂದು ವಾರದ ಮಟ್ಟಿಗೆ ಆ ಹೊಸ ಖಾತೆಯ ಕೆಳಗಿದ್ದವು. ಕಾಂಗ್ರೆಸ್ ಸಂಸದರೇ ತಿರುಗಿಬಿದ್ದ ಮೇಲೆ ನವೆಂಬರ್ 7ರಂದು ಮೆನನ್ ಹೊರನಡೆದರು. ವಿರೋಧ ಪಕ್ಷ ವರ್ಷಗಟ್ಟಲೆ ಕೂಗಿ ಮಾಡಲಾಗದ್ದನ್ನು ಆಳುವ ಪಕ್ಷದ ಒಳಗಿನ ಬಂಡಾಯ ಕೆಲವೇ ದಿನಗಳಲ್ಲಿ ಮಾಡಿತು.

ನವೆಂಬರ್ 8ರಿಂದ 14ರವರೆಗೆ ಲೋಕಸಭೆಯಲ್ಲಿ ನಡೆದ ಚರ್ಚೆ ಈ ಇತಿಹಾಸದ ಅತ್ಯಂತ ಉಜ್ವಲ ಪುಟ. ಶತ್ರು ಇನ್ನೂ ನೆಲದೊಳಗಿದ್ದ. ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು, ಭಾರತ ರಕ್ಷಣಾ ನಿಯಮಗಳು ಪತ್ರಿಕೆಗಳ ಮೇಲೆ ಕಣ್ಣಿಟ್ಟಿದ್ದವು. ಯುವ ಸಂಸದ ಅಟಲ ಬಿಹಾರಿ ವಾಜಪೇಯಿ ಅಧಿವೇಶನವನ್ನು ಬೇಗ ಕರೆಯಬೇಕೆಂದು ಒತ್ತಾಯಿಸಿದ್ದರು. ರಹಸ್ಯ ಅಧಿವೇಶನ ಮಾಡೋಣವೆಂಬ ಸಲಹೆಯೂ ಬಂತು. ನೆಹರೂ ಒಪ್ಪಲಿಲ್ಲ, ಜನರಿಗೆ ಕೇಳಿಸುವಂತೆಯೇ ಚರ್ಚೆಯಾಗಲಿ ಎಂದರು. 165 ಸದಸ್ಯರು ಮಾತನಾಡಿದರು. ಯುದ್ಧ ನಡೆಯುವಾಗ ಪ್ರಶ್ನೆ ಕೇಳಿದರೆ ಸೈನಿಕರ ಸ್ಥೈರ್ಯ ಕುಸಿಯುತ್ತದೆ ಎಂದು ಇವತ್ತು ವಾದಿಸುವವರು ಆ ಏಳು ದಿನಗಳ ನಡಾವಳಿಯನ್ನು ಒಮ್ಮೆ ಓದಬೇಕು.

ಮರುವರ್ಷ ಆಗಸ್ಟ್‌ನಲ್ಲಿ ಆಚಾರ್ಯ ಜೆ.ಬಿ. ಕೃಪಲಾನಿ ನೆಹರೂ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯ ತಂದರು. ಲೋಕಸಭೆ ಕಂಡ ಮೊದಲ ಅವಿಶ್ವಾಸ ನಿರ್ಣಯ ಅದು. ಪರವಾಗಿ 62 ಮತ, ವಿರುದ್ಧ 347. ಬಿದ್ದುಹೋಗುತ್ತದೆಂದು ಕೃಪಲಾನಿಯವರಿಗೂ ಗೊತ್ತಿತ್ತು. ಆದರೆ ಉತ್ತರ ಹೇಳಲು ಪ್ರಧಾನಿ ಎದ್ದು ನಿಲ್ಲಲೇಬೇಕಾಯಿತು.

ಇನ್ನೊಂದು ತನಿಖೆ ಸೇನೆಯೊಳಗೆ ನಡೆದಿತ್ತು. ಲೆಫ್ಟಿನೆಂಟ್ ಜನರಲ್ ಹೆಂಡರ್‌ಸನ್ ಬ್ರೂಕ್ಸ್ ಮತ್ತು ವಿಕ್ಟೋರಿಯಾ ಕ್ರಾಸ್ ಪಡೆದ ಬ್ರಿಗೇಡಿಯರ್ ಪ್ರೇಮಿಂದ್ರ ಸಿಂಗ್ ಭಗತ್ ಅವರಿಗೆ ಸೋಲಿನ ಕಾರಣ ಹುಡುಕುವ ಕೆಲಸ ಕೊಡಲಾಗಿತ್ತು. ತರಬೇತಿ, ಸಲಕರಣೆ, ಆಜ್ಞಾ ವ್ಯವಸ್ಥೆ, ಸೈನಿಕರ ದೈಹಿಕ ಕ್ಷಮತೆ, ದಂಡನಾಯಕರ ಸಾಮರ್ಥ್ಯ ಇಷ್ಟೇ ಅವರ ಎಲ್ಲೆ. ಮಂತ್ರಿಗಳ ನಿರ್ಧಾರ, ಮಂತ್ರಿಗಳ ಹೇಳಿಕೆ ಆ ಎಲ್ಲೆಯ ಆಚೆ ಇದ್ದವು. ಹೊಸ ರಕ್ಷಣಾ ಸಚಿವ ವೈ.ಬಿ. ಚವಾಣ್ 1963ರ ಸೆಪ್ಟೆಂಬರ್ 2ರಂದು ಸಂಸತ್ತಿಗೆ ಒಂದು ಸಾರಾಂಶ ಓದಿ ಹೇಳಿ, ವರದಿಯನ್ನು ಪ್ರಕಟಿಸುವುದು ದೇಶದ ಹಿತವಲ್ಲ ಎಂದರು. ನಾಲ್ಕು ವರ್ಷದ ಹಿಂದೆ ಅದೇ ದಿನಾಂಕದಂದು ತಿಮ್ಮಯ್ಯನವರ ದೂರನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗಿತ್ತು. ಪರ್ವತ ಯುದ್ಧಕ್ಕೆ ತರಬೇತಿ ಇರಲಿಲ್ಲ, ಸಲಕರಣೆ ಸಾಲದಾಗಿತ್ತು ಎಂಬುದು ಈಗ ಸರ್ಕಾರದ್ದೇ ಹೇಳಿಕೆಯಾಗಿ ದಾಖಲಾಯಿತು. ಸೇನಾ ಮುಖ್ಯಸ್ಥ ಥಾಪರ್, ಮುಂಚೂಣಿಯ ದಂಡನಾಯಕ ಬಿ.ಎಂ. ಕೌಲ್ ಆಗಲೇ ಹುದ್ದೆ ಬಿಟ್ಟಿದ್ದರು. ಆದರೆ 1959ರ ನವೆಂಬರ್‌ನಲ್ಲಿ ಸದನಕ್ಕೆ ಕೊಟ್ಟ ಭರವಸೆ ಯಾವ ಮಾಹಿತಿಯ ಮೇಲೆ ನಿಂತಿತ್ತು ಎಂದು ಯಾವ ಆಯೋಗವೂ ಕೇಳಲಿಲ್ಲ.

ಹಣದ ವಿಷಯಕ್ಕಾದರೆ ಅದೇ ಸಂಸತ್ತು ಬೇರೆ ದಾರಿ ಹಿಡಿದಿತ್ತು. ಜೀವ ವಿಮಾ ನಿಗಮ ಹರಿದಾಸ್ ಮುಂಧ್ರಾನ ಕಂಪನಿಗಳ ಷೇರು ಕೊಂಡದ್ದನ್ನು 1957ರ ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ಬಯಲಿಗೆಳೆದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಸಾರ್ವಜನಿಕರ ಎದುರೇ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಎದ್ದಲ್ಲಿಂದ ಮಂತ್ರಿ ಇಳಿಯುವವರೆಗೆ ಕೆಲವೇ ತಿಂಗಳು. ಷೇರಿನ ವ್ಯವಹಾರಕ್ಕೆ ಸಿಕ್ಕ ಬಹಿರಂಗ ವಿಚಾರಣೆ ಸತ್ತ ಸೈನಿಕರಿಗೆ ಸಿಗಲಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ಸದನದಲ್ಲಿ ಆಡಿದ ಮಾತಿಗೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡುವಂತಿಲ್ಲ. ಸಂವಿಧಾನದ 105ನೆಯ ವಿಧಿ ಆ ರಕ್ಷಣೆ ಕೊಟ್ಟಿದೆ. ಭಯವಿಲ್ಲದೆ ಮಾತಾಡಲು ಅದು ಬೇಕು. ಅದಕ್ಕೆ ಪ್ರತಿಯಾಗಿ ಸದನವೇ ತನ್ನ ಸದಸ್ಯರನ್ನು ತಿದ್ದಬೇಕೆಂಬುದು ವ್ಯವಸ್ಥೆ. ಮಂತ್ರಿಯ ಹೇಳಿಕೆಯಲ್ಲಿ ತಪ್ಪಿದ್ದರೆ ಲೋಕಸಭಾಧ್ಯಕ್ಷರ 115ನೆಯ ನಿರ್ದೇಶನದಡಿ ಸದಸ್ಯರು ಬರೆದು ತಿಳಿಸಬಹುದು. ಬೇಕೆಂದೇ ದಾರಿ ತಪ್ಪಿಸಿದರೆ ಹಕ್ಕುಚ್ಯುತಿ ನೋಟಿಸು ಕೊಡಬಹುದು. ಕೊಟ್ಟ ಭರವಸೆ ಈಡೇರಿತೇ ಎಂದು ನೋಡಲು ಸಮಿತಿಯೊಂದಿದೆ. ಆದರೆ ಹಕ್ಕುಚ್ಯುತಿಯಲ್ಲಿ ‘ಬೇಕೆಂದೇ’ ಎಂಬುದನ್ನು ಸಾಧಿಸಿ ತೋರಿಸಬೇಕು. ಅದಕ್ಕೆ ಕಡತ ಬೇಕು. ಯುದ್ಧದ ಕಡತ ಮಂತ್ರಿಯ ಕೈಯಲ್ಲಿರುತ್ತದೆ.

ಬೇರೆ ದೇಶಗಳಲ್ಲೂ ಬೀಗ ತೆರೆಯುವುದೇ ಕಷ್ಟದ ಕೆಲಸವಾಗಿತ್ತು. ವಿಯೆಟ್ನಾಂ ಕುರಿತು ಅಮೆರಿಕದ ಅಧ್ಯಕ್ಷರು ಜನರಿಗೆ ಹೇಳಿದ್ದಕ್ಕೂ ಒಳಗೆ ಬರೆದುಕೊಂಡದ್ದಕ್ಕೂ ಇದ್ದ ಅಂತರ ಬಯಲಾಗಲು 1971ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಎಂಬಾತ ಜೈಲಿನ ಭಯ ಬಿಟ್ಟು ಪೆಂಟಗನ್ ಕಡತಗಳನ್ನು ಪತ್ರಿಕೆಗೆ ಕೊಡಬೇಕಾಯಿತು. ಇರಾಕ್ ಯುದ್ಧದ ಬಗ್ಗೆ ಬ್ರಿಟನ್ ನೇಮಿಸಿದ ಚಿಲ್ಕಾಟ್ ವಿಚಾರಣೆ ಏಳು ವರ್ಷ ತೆಗೆದುಕೊಂಡು 2016ರಲ್ಲಿ ವರದಿ ಕೊಟ್ಟಿತು. ಯುದ್ಧಕ್ಕೆ ಇಳಿದಾಗ ಪ್ರಧಾನಿಯಾಗಿದ್ದ ಟೋನಿ ಬ್ಲೇರ್‌ಗೆ ಶಿಕ್ಷೆಯೇನೂ ಆಗಲಿಲ್ಲ. ಆದರೆ ಆ ಮಾಜಿ ಪ್ರಧಾನಿಯನ್ನು ಬಹಿರಂಗವಾಗಿ ಕೂರಿಸಿ ಪ್ರಶ್ನಿಸಲಾಯಿತು, ಬೇಹುಗಾರಿಕೆಯ ಮಾಹಿತಿಯನ್ನು ಅದಕ್ಕಿಲ್ಲದ ಖಚಿತತೆಯೊಂದಿಗೆ ಜನರ ಮುಂದಿಟ್ಟರೆಂದು ಬರೆದಿಡಲಾಯಿತು.

ಭಾರತದಲ್ಲಿ ಅಂಥ ಪ್ರಯತ್ನಕ್ಕೆ ಅತಿ ಹತ್ತಿರ ಬಂದದ್ದು ಕಾರ್ಗಿಲ್ ಸಮಿತಿ. 1999ರಲ್ಲಿ ರಕ್ಷಣಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಜಾರ್ಜ್ ಫರ್ನಾಂಡಿಸ್. ಸಿಯಾಚಿನ್‌ಗೆ ಮತ್ತೆ ಮತ್ತೆ ಹೋಗಿ ಸೈನಿಕರ ಕಷ್ಟ ಕಂಡುಬಂದವರು. ಅವರ ಕಾಳಜಿಯನ್ನು ಸೈನಿಕರೂ ಶಂಕಿಸಲಿಲ್ಲ. ಆದರೆ ಮೇ ತಿಂಗಳ ಮಧ್ಯದಲ್ಲಿ ಅವರು ನುಸುಳುಕೋರರನ್ನು 48 ಗಂಟೆಗಳಲ್ಲಿ ಹೊರಹಾಕುತ್ತೇವೆ ಎಂದುಬಿಟ್ಟರು. ಬೆಟ್ಟದ ಮೇಲಿದ್ದವರು ಪಾಕಿಸ್ತಾನದ ಸೈನಿಕರೇ ಎಂಬ ಚಿತ್ರ ಆಗಿನ್ನೂ ದೆಹಲಿಗೆ ಸ್ಪಷ್ಟವಾಗಿರಲಿಲ್ಲ. ನವಾಜ್ ಷರೀಫ್ ಸರ್ಕಾರಕ್ಕೆ ಇದರಲ್ಲಿ ಪಾತ್ರವಿಲ್ಲ ಎಂದೂ ಫರ್ನಾಂಡಿಸ್ ಆ ತಿಂಗಳ ಕೊನೆಗೆ ಹೇಳಿ ಟೀಕೆಗೆ ಗುರಿಯಾದರು. ಯುದ್ಧ ಜುಲೈ 26ರವರೆಗೆ ಎಳೆಯಿತು. 527 ಸೈನಿಕರು ಪ್ರಾಣ ಕೊಟ್ಟರು.

ವಾಜಪೇಯಿ ಸರ್ಕಾರ ಮೂರೇ ದಿನದಲ್ಲಿ, ಜುಲೈ 29ರಂದು, ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ನೇಮಿಸಿತು. 2000ದ ಫೆಬ್ರವರಿ 23ರಂದು ಅದರ ವರದಿ ಸಂಸತ್ತಿನ ಮುಂದೆ ಬಂತು. ಭದ್ರತೆಯ ಹೆಸರಿನಲ್ಲಿ ಕೆಲವು ಭಾಗಗಳನ್ನು ತೆಗೆದಿದ್ದರೂ ಉಳಿದದ್ದು ಪುಸ್ತಕವಾಗಿ ಯಾರು ಬೇಕಾದರೂ ಓದುವಂತಾಯಿತು. ಬೇಹುಗಾರಿಕೆಯ ಲೋಪಗಳು, ಸಂಸ್ಥೆಗಳ ನಡುವಿನ ಕಂದಕ ಎಲ್ಲವೂ ಅಲ್ಲಿವೆ. ಅದರ ಬೆನ್ನಿಗೇ ರಕ್ಷಣಾ ಬೇಹುಗಾರಿಕಾ ಸಂಸ್ಥೆ, ಮೂರೂ ಪಡೆಗಳ ಸಂಯುಕ್ತ ಸಿಬ್ಬಂದಿ ವ್ಯವಸ್ಥೆ ರೂಪುಗೊಂಡವು. ವ್ಯಕ್ತಿಗಳ ಮೇಲೆ ತಪ್ಪು ಹೊರಿಸುವುದು ಆ ಸಮಿತಿಯ ಕೆಲಸವಾಗಿರಲಿಲ್ಲ, ಸಾಕ್ಷಿಗಳನ್ನು ಕಡ್ಡಾಯವಾಗಿ ಕರೆಸುವ ಕಾನೂನು ಬಲವೂ ಇರಲಿಲ್ಲ. 48 ಗಂಟೆಯ ಮಾತಿಗೆ ಲೆಕ್ಕ ಸಿಗಲಿಲ್ಲ. ಆದರೂ ಯುದ್ಧ ಮುಗಿದ ಏಳೇ ತಿಂಗಳಲ್ಲಿ ಜನರ ಕೈಗೆ ಒಂದು ದಾಖಲೆ ಬಂದಿತ್ತು, ಅದರಿಂದ ದೇಶದ ಭದ್ರತೆ ಬಲಗೊಂಡಿತೇ ಹೊರತು ಕುಸಿಯಲಿಲ್ಲ.

2019ರ ವರ್ಷ ಈ ಪ್ರಶ್ನೆಯನ್ನು ಮತ್ತೆ ಮಾರತ್ತಹಳ್ಳಿಯ ಮಗ್ಗುಲಿಗೇ ತಂದಿತು. ರಫೇಲ್ ಯುದ್ಧವಿಮಾನ ಖರೀದಿಯ ಚರ್ಚೆಯ ನಡುವೆ, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಜನವರಿ 4ರಂದು ಲೋಕಸಭೆಯಲ್ಲಿ ಎಚ್‌ಎಎಲ್‌ಗೆ ಒಂದು ಲಕ್ಷ ಕೋಟಿ ರೂಪಾಯಿಯ ಕೆಲಸ ಕೊಡಲಾಗಿದೆ ಎಂಬ ಅರ್ಥದ ಮಾತಾಡಿದರು. ಅಂಥ ಆದೇಶ ಬಂದಿಲ್ಲವೆಂದು ಪತ್ರಿಕಾ ವರದಿ ಬಂತು, ವಿರೋಧ ಪಕ್ಷ ಸುಳ್ಳಿನ ಆರೋಪ ಹೊರಿಸಿತು. ಜನವರಿ 7ರಂದು ಸಚಿವೆ ಸದನದಲ್ಲೇ ವಿವರಣೆ ಕೊಟ್ಟರು: 2014ರಿಂದ 2018ರ ನಡುವೆ ಸಹಿಯಾದ ಒಪ್ಪಂದಗಳು 26,570 ಕೋಟಿಯವು, ಸುಮಾರು 73,000 ಕೋಟಿಯವು ಇನ್ನೂ ಮಾತುಕತೆಯಲ್ಲಿವೆ. ಸಂಬಳ ಕೊಡಲು ಎಚ್‌ಎಎಲ್ ಸಾಲ ಮಾಡಬೇಕಾಗಿ ಬಂದಿದ್ದ ದಿನಗಳವು. ಕಾರ್ಮಿಕರ ಮನೆಗಳಲ್ಲಿ ಸಹಿಯಾದ ಒಪ್ಪಂದಕ್ಕೂ ಮಾತುಕತೆಗೂ ನಡುವಣ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಮುಂದೆ 2021ರ ಏರೋ ಇಂಡಿಯಾದಲ್ಲಿ 83 ತೇಜಸ್ ವಿಮಾನಗಳಿಗೆ ಸುಮಾರು 48,000 ಕೋಟಿಯ ಒಪ್ಪಂದವಾಯಿತು ಎಂಬುದೂ ನಿಜ. ಇಲ್ಲಿ ಗಮನಿಸಬೇಕಾದದ್ದು ವೇಗವನ್ನು. ಪತ್ರಿಕೆ ಕೇಳಿತು, ಸದನ ಗದ್ದಲವೆಬ್ಬಿಸಿತು, ಮೂರೇ ದಿನದಲ್ಲಿ ಲೆಕ್ಕ ಬಿಡಿಸಿ ಹೇಳಲೇಬೇಕಾಯಿತು.

ಅದೇ ಚರ್ಚೆಯಲ್ಲಿ ವಿರೋಧ ಪಕ್ಷದ ನಾಯಕರೂ ಹೊಣೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಸುಪ್ರೀಂ ಕೋರ್ಟ್ ಹೇಳದ ಮಾತನ್ನು ಕೋರ್ಟಿನ ತೀರ್ಪೆಂಬಂತೆ ಸಾರಿದ ರಾಹುಲ್ ಗಾಂಧಿ 2019ರ ಮೇ ತಿಂಗಳಲ್ಲಿ ಬೇಷರತ್ ಕ್ಷಮೆ ಕೇಳಿದರು. ಅವರು ಆ ಮಾತನ್ನು ಸದನದ ಹೊರಗೆ ಆಡಿದ್ದರು, ಹಾಗಾಗಿ ಕೋರ್ಟಿಗೆ ಕೇಳುವ ಅಧಿಕಾರವಿತ್ತು.

ಅದೇ ವರ್ಷದ ಫೆಬ್ರವರಿ 27ರಂದು, ಬಾಲಾಕೋಟ್ ದಾಳಿಯ ಮರುದಿನ, ಶ್ರೀನಗರದ ಬಳಿಯ ಬಡ್ಗಾಂನಲ್ಲಿ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಿದ್ದು ಆರು ಮಂದಿ ಯೋಧರೂ ಒಬ್ಬ ನಾಗರಿಕನೂ ಸತ್ತರು. ನಮ್ಮದೇ ಕ್ಷಿಪಣಿ ಅದನ್ನು ಕೆಡವಿತು, ಅದು ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಒಪ್ಪಿಕೊಂಡದ್ದು ಅಕ್ಟೋಬರ್ 4ರಂದು. ನಡುವೆ ಲೋಕಸಭಾ ಚುನಾವಣೆ ಮುಗಿದಿತ್ತು. ಸತ್ತವರ ಮನೆಯವರು ಏಳು ತಿಂಗಳು ಕಾದರು, ಮತದಾರರು ಆ ಸಂಗತಿ ತಿಳಿಯದೆಯೇ ಮತ ಹಾಕಿದರು.

1962ರ ಸೋಲಿನ ಕುರಿತ ಹೆಂಡರ್‌ಸನ್ ಬ್ರೂಕ್ಸ್ ವರದಿಯ ಕಥೆ ಇನ್ನೂ ಮುಗಿದಿಲ್ಲ. ಪತ್ರಕರ್ತ ಕುಲದೀಪ್ ನಯ್ಯರ್ ಮಾಹಿತಿ ಹಕ್ಕಿನಡಿ ಅದನ್ನು ಕೇಳಿದರು. ಕೇಂದ್ರ ಮಾಹಿತಿ ಆಯೋಗ ಒಪ್ಪಲಿಲ್ಲ. ಇಪ್ಪತ್ತು ವರ್ಷ ಕಳೆದ ಮಾಹಿತಿಯನ್ನು ಕೊಡಬೇಕೆಂದು ಆ ಕಾಯ್ದೆಯೇ ಹೇಳುತ್ತದೆ, ಆದರೆ ದೇಶದ ಭದ್ರತೆಗೆ ಧಕ್ಕೆ ತರುವಂಥದ್ದಕ್ಕೆ ಆ ಗಡುವು ಅನ್ವಯಿಸುವುದಿಲ್ಲ. 2010ರಲ್ಲಿ ಕಾಂಗ್ರೆಸ್ಸಿನ ರಕ್ಷಣಾ ಸಚಿವ ಎ.ಕೆ. ಆಂಟನಿ, ವರದಿಯಲ್ಲಿರುವುದು ಈಗಲೂ ಸೇನಾ ಕಾರ್ಯಾಚರಣೆಯ ದೃಷ್ಟಿಯಿಂದ ಸೂಕ್ಷ್ಮವಾದದ್ದು ಎಂದರು. 2014ರ ಮಾರ್ಚ್‌ನಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ದೊಡ್ಡ ಭಾಗವನ್ನು ಅಂತರ್ಜಾಲಕ್ಕೆ ಹಾಕಿದರು. ಆಗ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ, ಇಂಥ ದಾಖಲೆಗಳನ್ನು ಅನಿರ್ದಿಷ್ಟ ಕಾಲ ರಹಸ್ಯವಾಗಿಡುವುದು ಸರಿಯಲ್ಲ ಎಂದು ಬರೆದರು. ಎರಡು ತಿಂಗಳ ನಂತರ ಅವರೇ ರಕ್ಷಣಾ ಸಚಿವರಾದರು. ಜುಲೈನಲ್ಲಿ ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ, ಬಿಡುಗಡೆ ಮಾಡುವುದು ದೇಶದ ಹಿತಕ್ಕೆ ಒಳ್ಳೆಯದಲ್ಲ ಎಂದರು.

2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿ ತಂದಿತು. ಯುದ್ಧ ಮತ್ತು ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗಗೊಳಿಸಬೇಕು, ಪ್ರತಿ ಕಾರ್ಯಾಚರಣೆಯ ಇತಿಹಾಸವನ್ನು ಐದು ವರ್ಷದೊಳಗೆ ಬರೆದು ಮುಗಿಸಬೇಕು ಎಂಬುದು ಅದರ ತಿರುಳು. ಅದರ ಪ್ರಕಾರ ಕಾರ್ಗಿಲ್‌ನ ದಾಖಲೆಗಳಿಗೆ 2024ಕ್ಕೆ ಗಡುವು ತುಂಬಿದೆ. ಆಪರೇಷನ್ ಸಿಂಧೂರದ ಇತಿಹಾಸ 2030ರೊಳಗೆ ಸಿದ್ಧವಾಗಬೇಕು. ಈ ನೀತಿ ಸಚಿವಾಲಯ ತನಗೆ ತಾನೇ ಹಾಕಿಕೊಂಡ ಕಟ್ಟಳೆ, ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲ. ಅದನ್ನು ಕಾಯ್ದೆಯಾಗಿ ಮಾಡಬೇಕೆಂದು ಖಾಸಗಿ ಮಸೂದೆ ತರಲು ಯಾವ ಸಂಸದರಿಗೂ ಅಡ್ಡಿಯಿಲ್ಲ, ಕರ್ನಾಟಕದ ಸದಸ್ಯರಿಗೂ ಇಲ್ಲ. ತಿಮ್ಮಯ್ಯನವರು ಬೆಳೆದ ಮಡಿಕೇರಿಯ ಸನ್ನಿಸೈಡ್ ಮನೆಯನ್ನು ಸರ್ಕಾರ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. 1959ರಲ್ಲಿ ಅವರು ಎತ್ತಿದ ಪ್ರಶ್ನೆ ಕ್ಷುಲ್ಲಕವಾಗಿತ್ತೇ ಎಂದು ತೀರ್ಮಾನಿಸಲು ಬೇಕಾದ ಕಡತಗಳನ್ನೂ ಈ ತಲೆಮಾರಿನ ಓದುಗರಿಗೆ ತೆರೆಯುವುದು ಸರ್ಕಾರ ಇನ್ನೂ ತೀರಿಸದ ಬಾಕಿ.